ಇಪ್ಪತ್ತಮೂರು ಬಾವಿಗಳ ದಾದಿ

ಫೆಬ್ರವರಿ 8

ಅದನ್ನೇ ನಾನು ನಿನ್ನೆ ಮೂರು ಸಲ ಕೂಗಿ ಹೇಳಿದ್ದು ಚಾಪೆಯಕ್ಕ, ಆ ಪುಸ್ತಕಗಳು ಸಿಕ್ಕಿಲ್ಲ ಅಂತ. ನೀವು ಮೂರು ಸಲವೂ "ಹೂಂ, ಮಂಡಿನೋವು ಪರವಾಗಿಲ್ಲ" ಅಂದಿರಿ. ಅದು ದರ್ಜಿ ಅಂಗಡಿಯ ಫೋನು. ಅಳತೆ ಕೊಡೋಕೆ ಬಂದವರೆಲ್ಲ ನನ್ನ ಕೂಗಾಟಕ್ಕೆ ಬಿದ್ದು ಬಿದ್ದು ನಕ್ಕರು. ಕಿವಿ ಮಂದ ಆದವರಿಗೆ ಕಾಗದವೇ ಸರಿ. ಮೂವತ್ತೈದು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದ ನನಗೂ ಕಾಗದವೇ ಸರಿ.

ಸಂಗತಿ ಏನೆಂದರೆ, ಜೌಗನ್ನು ಮಣ್ಣು ತುಂಬಿಸಿ ಬಸ್ ಡಿಪೋ ಮಾಡುತ್ತಾರಂತೆ. ದರ್ಜಿಯ ಗೋಡೆ ಮೇಲೆ ನೋಟೀಸು ಅಂಟಿಸಿದ್ದಾರೆ. "ನಿರುಪಯುಕ್ತ ಕೆಸರು ಭೂಮಿ" ಅಂತ ಬರೆದಿದ್ದಾರೆ, ಅದರಲ್ಲೂ ಎರಡು ಕಾಗುಣಿತ ತಪ್ಪು. ಮಾರ್ಚ್ 18ಕ್ಕೆ ಹಿಯರಿಂಗ್. ಜೌಗಿಗೂ ನಮ್ಮ ಬೀದಿಯ ಬಾವಿಗಳಿಗೂ ಸಂಬಂಧ ಇದೆ ಅಂತ ತೋರಿಸೋಕೆ ಎವಿಡೆನ್ಸ್ ಬೇಕಂತೆ. ನಿಮ್ಮ ಗೆಳತಿ, ಅಂದರೆ ನನ್ನ ಹೆಂಡತಿ, ಇಪ್ಪತ್ತು ವರ್ಷ ಬಾವಿಗಳನ್ನು ಅಳೆದು ಬರೆದಿಟ್ಟಿದ್ದಳಲ್ಲ, ಅದನ್ನು ಕೊಡಿ ಅಂತ ದರ್ಜಿ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಬಾಗಿಲು ತಟ್ಟುತ್ತಾನೆ. ಹುಡುಕುತ್ತಿದ್ದೇನೆ. ಅವಳು ಹೋಗಿ ಎಂಟು ತಿಂಗಳಾಯಿತು, ಯಾವುದು ಎಲ್ಲಿದೆಯೋ.

ಸುಮ್ಮನೆ ಕೇಳುತ್ತೇನೆ, ಬೇಜಾರು ಬೇಡ. ಭಾನುವಾರ ಬೆಳಗ್ಗೆ ಆರಕ್ಕೆ ಹೋದರೆ ಹತ್ತೂವರೆಗೆ ಬರುತ್ತಿದ್ದಳು. ಇಪ್ಪತ್ತಮೂರು ಬಾವಿ ಅಳೆಯೋಕೆ ಎರಡು ಗಂಟೆ ಸಾಕು, ನಾನು ಲೆಕ್ಕ ಹಾಕಿದೆ. ಮಿಕ್ಕ ಹೊತ್ತು ಏನು ಮಾಡುತ್ತಿದ್ದಿರಿ? ಏನು ಮಾತಾಡುತ್ತಿದ್ದಿರಿ? ಕ್ಯೂರಿಯಾಸಿಟಿ, ಅಷ್ಟೇ.

ನೀವು ಅವಳ ಮಣ್ಣಿಗೂ ಬರಲಿಲ್ಲ. ಅದನ್ನೇನೂ ನಾನು ಮನಸ್ಸಿನಲ್ಲಿಟ್ಟುಕೊಂಡಿಲ್ಲ.

ಇಂತಿ,
ಅವಳ ಗಂಡ


ಫೆಬ್ರವರಿ 16

ಅವಳ ಗಂಡನಿಗೆ,

ಸಿಕ್ಕಿಲ್ಲ ಅಂದ್ರೆ ಏನ್ರೀ? ಹೊಲಿಗೆ ಮಿಷನ್ ಕೆಳಗೆ ತಗಡಿನ ಪೆಟ್ಟಿಗೆ. ಅದರೊಳಗೆ ಇಪ್ಪತ್ತು ಪುಸ್ತಕ, ವರ್ಷಕ್ಕೊಂದು. ಬೆನ್ನು ಬಿಚ್ಚಿದ್ದಕ್ಕೆಲ್ಲ ನಾನೇ ಜೊಂಡಿನ ನಾರಲ್ಲಿ ಹೊಲಿಗೆ ಹಾಕಿದೀನಿ. ಎಂಟು ತಿಂಗಳಿಂದ ಆ ಪೆಟ್ಟಿಗೆ ಮೇಲೇ ಕಾಲಿಟ್ಕೊಂಡು ಪೇಪರ್ ಓದ್ತಿರ್ತೀರಿ, ನಂಗೊತ್ತು.

ಮಿಕ್ಕ ಹೊತ್ತು ಏನು ಮಾಡ್ತಿದ್ವಿ ಅಂತ ಕೇಳಿದೀರಿ. ನಾನು ಜೊಂಡು ಕೊಯ್ತಿದ್ದೆ, ಅವಳು ಕಟ್ಟು ಕಟ್ತಿದ್ಲು. ಆ ಜೊಂಡಲ್ಲೇ ನಾನು ಚಾಪೆ ಹೆಣೆದು ಮೂರು ಮಕ್ಕಳನ್ನ ದಡ ಸೇರಿಸಿದ್ದು. ಆಮೇಲೆ ದಡದಲ್ಲಿ ಕೂತು ನಗ್ತಿದ್ವಿ. ಯಾರನ್ನ ನೋಡಿ ಅಂದ್ರೆ, ಹೇಳೇಬಿಡ್ತೀನಿ, ನಿಮ್ಮನ್ನೇ. ನಿಮಗೆ ನಾವು ಇಟ್ಟಿದ್ದ ಹೆಸರು ಅಲ್ಪವಿರಾಮ. ಅಂಗಡಿ ಚೀಟಿಗೂ ಕಾಮಾ ಹಾಕಿ ಕೊಡ್ತೀರಂತಲ್ಲ. "ಅಲ್ಪವಿರಾಮ ಎದ್ದಿರುತ್ತೆ, ಹೊರಡ್ತೀನಿ ಚಾಪೆ" ಅಂತ ಸೆರಗು ಕೊಡವ್ಕೊಂಡು ಏಳೋಳು. ಬಯ್ಗುಳ ಅಲ್ಲ ಬಿಡಿ, ಮುದ್ದಿಗೆ.

ಮಣ್ಣಿಗೆ ಬರಲಿಲ್ಲ ಅಂದ್ರಿ. ಸುದ್ದಿ ತಿಳಿಸಿದ ನಿಮ್ಮ ಕಾರ್ಡು ನನ್ನ ಹತ್ರ ಇನ್ನೂ ಇದೆ. ಅವಳು ಹೋಗಿದ್ದು ಜೂನ್ ಎರಡು. ಕಾರ್ಡಲ್ಲಿ ನಿಮ್ಮ ಕೈಯಾರೆ ಬರೆದಿರೋ ತಾರೀಕು ಹದಿಮೂರು. ನೀವು ತಾರೀಕು ತಪ್ಪೋ ಮನುಷ್ಯ ಅಲ್ಲ.

ಪುಸ್ತಕ ದರ್ಜಿಗೆ ಕೊಡಿ. ಇವತ್ತೇ.

ಚಾಪೆ


ಫೆಬ್ರವರಿ 23

ಚಾಪೆಯಕ್ಕನವರಿಗೆ,

ಸಿಕ್ಕವು. ನೀವು ಹೇಳಿದ ಜಾಗದಲ್ಲೇ. ನಮ್ಮ ಮನೆಯಲ್ಲಿ ಯಾವ ಪೆಟ್ಟಿಗೆ ಎಲ್ಲಿದೆ ಅನ್ನೋದು ಐವತ್ತು ಹರದಾರಿ ಆಚೆ ತಂಗಿ ಮನೆಯಲ್ಲಿ ಕೂತಿರೋ ನಿಮಗೆ ಗೊತ್ತು, ಒಳಗೇ ಇರೋ ನನಗೆ ಗೊತ್ತಿಲ್ಲ. ಇರಲಿ.

ಇಪ್ಪತ್ತೂ ಓದಿದೆ. ಅಕ್ಷರ ಅಕ್ಷರ ಓದಿದೆ, ಅದು ನನ್ನ ಕಸುಬು. ಎಡಗಡೆ ಬಾವಿಯ ನಂಬರು, ಬಾಯಿಂದ ನೀರಿನವರೆಗೆ ಎಷ್ಟು ಮೊಳ, ನೀರಿನ ಬಣ್ಣ, ವಾಸನೆ. ಬಲಗಡೆ ನೀವು. ಎಲ್ಲಿ ನೋಡಿದರೂ ನೀವು! 'ಚಾಪೆ ಇವತ್ತು ಮೊಣಕಾಲುದ್ದ ಕೆಸರಲ್ಲಿ ಹೂತು ನಿಂತಳು, ಕೈಹಿಡಿದು ಎಳೆದು ತೆಗೆದೆ.' 'ಚಾಪೆಗೆ ಹಲ್ಲುನೋವು, ಆದರೂ ನಗು.' 'ನೀರುಕೋಳಿ ಮರಿಗಳನ್ನು ಚಾಪೆ ಮೊದಲು ನೋಡಿದಳು, ಒಂಬತ್ತು.' ನೀರುಕೋಳಿ ಮರಿ ಎಷ್ಟು ಅನ್ನೋದು ಕೂಡ ದಾಖಲಾಗಿದೆ. ನಾನು? ನಾನು ಇಪ್ಪತ್ತು ವರ್ಷದಲ್ಲಿ ಐದು ಕಡೆ ಇದ್ದೇನೆ. 'ಇವರಿಗೆ ಕೆಮ್ಮು.' 'ಇವರ ಕನ್ನಡಕ ಒಡೆಯಿತು, ತಡವಾಯಿತು.' ಇನ್ನೆರಡು ಸಲವೂ ಕೆಮ್ಮೇ. ಐದನೆಯದನ್ನು ಹೇಳಲಾರೆ.

ಆಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್, ಅವಳಿಗೂ ಭಾನುವಾರ ಒಂದೇ ರಜೆ, ನನಗೂ ಅದೊಂದೇ. ವಾರದ ಆರು ದಿನ ಅವಳು ಆಸ್ಪತ್ರೆಯ ದಾದಿ. ಏಳನೇ ದಿನ ಬಾವಿಗಳ ದಾದಿ. ಗಂಡಸಿಗೆ ಸವತಿ ಇರೋಲ್ಲ ಅಂತಾರೆ. ನನಗೆ ಇದ್ದಳು. ಒಬ್ಬಳಲ್ಲ, ಇಬ್ಬರು. ಒಂದು ಆ ಜೌಗು, ಇನ್ನೊಂದು ನೀವು. ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಜೆಲಸಿ ಅನ್ನೋದು ಅಬ್‌ಸ್ಟ್ರಾಕ್ಟ್ ನೌನ್, ಮುಟ್ಟೋಕೆ ಆಗೋಲ್ಲ ಅಂತ ಹೇಳಿಕೊಟ್ಟಿದ್ದರು. ಪಾಪ, ಅವರಿಗೆ ಮದುವೆ ಆಗಿರಲಿಲ್ಲ. ನಾನು ಮುಟ್ಟಿ ತೋರಿಸಬಲ್ಲೆ. ಎಡಗಡೆ ಪಕ್ಕೆಲುಬಿನ ಕೆಳಗೆ ಇದೆ, ಊಟ ಆದಮೇಲೆ ಉರಿಯುತ್ತೆ.

ಆದರೆ ಕೆಲಸ ಕೆಲಸವೇ. ಹಿಯರಿಂಗಿಗೆ ನಾನೇ ಒಂದು ಫೇರ್ ಕಾಪಿ ಮಾಡಿ ಕೊಡುತ್ತೇನೆ. ಬರೀ ಅಂಕಿಗಳು. ಹಲ್ಲುನೋವು, ನೀರುಕೋಳಿ ಎಲ್ಲ ಆಫೀಸರಿಗೆ ಯಾಕೆ?

ಇಂತಿ,
ಅಲ್ಪವಿರಾಮ (ಈಗ ಗೊತ್ತಾಯಿತಲ್ಲ)


ಮಾರ್ಚ್ 2

ಅಲ್ಪವಿರಾಮನವರೇ,

ಕಾಪಿ ಮಾಡಬೇಡಿ. ಕೈ ಮುಗೀತೀನಿ, ಮಾಡಬೇಡಿ. ಅವಳ ಪುಸ್ತಕ ಹೇಗಿದೆಯೋ ಹಾಗೇ ಕೊಡಿ, ಕೆಸರು ಮೆತ್ತಿದ್ರೆ ಕೆಸರು ಸಮೇತ.

ನಿಮಗೆ ಅದು ಸವತಿ ಇರಬಹುದು. ಬೀದಿಗೆ ಅದೇನು ಅಂತ ನಿಮಗೆ ಗೊತ್ತಿಲ್ಲ. ಮೇಲಿನ ಪೇಟೆ ಚರಂಡಿ ನೀರೆಲ್ಲ ಒಂದು ಕಡೆಯಿಂದ ಜೌಗಿಗೆ ಬೀಳುತ್ತೆ. ಜೊಂಡಿನ ಬೇರು ಅದನ್ನ ಸೋಸಿ ಸೋಸಿ ಈ ಕಡೆ ಬಿಡುತ್ತೆ. ಮಳೆ ಜೋರಾದ್ರೆ ಹೊಟ್ಟೆ ತುಂಬಾ ಕುಡಿದು ಇಟ್ಕೊಳ್ಳುತ್ತೆ, ಬಿಸಿಲಲ್ಲಿ ಬಾವಿಗಳಿಗೆ ಗುಟುಕು ಗುಟುಕಾಗಿ ಕೊಡುತ್ತೆ. ಹನ್ನೊಂದು ವರ್ಷದ ಹಿಂದೆ ಯಾರೋ ಗೋದಾಮಿಗೆ ಅಂತ ಒಂದು ಮೂಲೆ ತುಂಬಿಸಿದ್ರು. ನಾಲ್ಕು, ಐದು, ಆರನೇ ಬಾವಿ ಮೂರು ಮೊಳ ಕೆಳಗಿಳೀತು, ಆರನೇದು ನಾರಿತು. ಒಂದೇ ತಿಂಗಳಲ್ಲಿ ನಲವತ್ತು ಮಕ್ಕಳು ಭೇದಿ ಅಂತ ದಾದಿ ಆಸ್ಪತ್ರೆಗೆ ಬಂದ್ರು. ಎಲ್ಲ ಬರೆದಿದಾಳೆ. ನೀವೂ ಆ ನೀರನ್ನೇ ಕುಡಿಯೋದು. ನಿಮ್ಮ ಮನೆಗೆ ಹನ್ನೊಂದನೇ ಬಾವಿ, ಗೊತ್ತಾ?

ಮಾತಿಗೆ ಹೇಳ್ತೀನಿ, ನೀವೂ ಒಂದು ಸಲ ಬಂದಿದ್ರಿ. ಹೊಸ ಚಪ್ಪಲಿಗೆ ಕೆಸರಾಯ್ತು ಅಂತ ಗೊಣಗಿದ್ರಿ. "ಇಲ್ಲಿ ಈಜಬಾರದು" ಅನ್ನೋ ಬೋರ್ಡಿನ ತಪ್ಪು ತಿದ್ದಿ ವಾಪಸ್ ಹೋದ್ರಿ. ಅವಳು ಆಮೇಲೆ ಅವತ್ತೆಲ್ಲ ನಗಲಿಲ್ಲ.

ಚಾಪೆ


ಮಾರ್ಚ್ 20

ಚಾಪೆಯಕ್ಕ,

ಐ ಬೆಗ್ ಟು ಸ್ಟೇಟ್... ಆಮೇಲೆ ಏನೋ ಬರುತ್ತೆ, ಮರೆತುಹೋಗಿದೆ. ನೇರವಾಗೇ ಹೇಳಿಬಿಡುತ್ತೇನೆ.

ನಿಮ್ಮ ಕಾಗದ ಬರೋ ಹೊತ್ತಿಗೆ ಕಾಪಿ ಮುಗಿದಿತ್ತು. ನೂರಾ ನಲವತ್ತು ಹಾಳೆ, ಒಂದು ಕಾಟಿಲ್ಲ, ಒಂದು ಚಿತ್ತಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ಕೆಲಸ ಮಾಡಿಲ್ಲ. ದರ್ಜಿ ಅದನ್ನು ಬಟ್ಟೆಯಲ್ಲಿ ಸುತ್ತಿ ಮಗು ಥರ ಎತ್ತಿಕೊಂಡು ಬಂದ.

ಹಿಯರಿಂಗ್ ಆಫೀಸರು ಒಬ್ಬ ಹೆಂಗಸು. ಹಾಳೆ ತಿರುವಿದರು, ತಿರುವಿದರು. ಆಮೇಲೆ ಕನ್ನಡಕ ಮೇಲಕ್ಕೆತ್ತಿ, "ಇದನ್ನ ಯಾವಾಗ ಬರೆದಿರಿ?" ಅಂದರು. "ಇಪ್ಪತ್ತು ವರ್ಷದ ದಾಖಲೆ ಮೇಡಂ" ಅಂದೆ. "ದಾಖಲೆಗೆ ಇಪ್ಪತ್ತು ವರ್ಷ ಸರಿ. ಶಾಯಿಗೆ ಇಪ್ಪತ್ತು ದಿನವೂ ಆಗಿಲ್ವಲ್ಲ" ಅಂದರು. ಡಿಪೋ ಕಡೆಯ ಎಂಜಿನಿಯರು ಬಾಯಿಗೆ ಕರವಸ್ತ್ರ ಹಿಡಿದುಕೊಂಡು, "ಇಂಥ ಅಂಕಿ ನಾನೂ ಒಂದು ವಾರದಲ್ಲಿ ಬರೆದುಕೊಡ್ತೀನಿ, ಅಕ್ಷರ ಮಾತ್ರ ಇಷ್ಟು ದುಂಡಗೆ ಬರಲ್ಲ" ಅಂದ. ಎಲ್ಲರೂ ನಕ್ಕರು. ದರ್ಜಿ ನನ್ನ ಮುಖ ನೋಡಲಿಲ್ಲ. ಏಪ್ರಿಲ್ ಹತ್ತಕ್ಕೆ ಅಸಲಿ ಪುಸ್ತಕ ತನ್ನಿ, ಇಲ್ಲದಿದ್ದರೆ ಮಣ್ಣು ತುಂಬೋಕೆ ಅಪ್ಪಣೆ ಕೊಡುತ್ತೇನೆ ಅಂತ ಆಫೀಸರು ಎದ್ದರು.

ಅಸಲಿ ಇದೆ. ಇದೆ, ಆದರೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋ ಹಾಗೆ ಒಂದು ತಿಂಗಳಿಂದ ಇದ್ದೇನೆ. ಕಾಪಿ ಮಾಡುವಾಗ ಯಾವ ಸಾಲು ಬೇಕು, ಯಾವುದು ಬೇಡ ಅಂತ ಗುರುತು ಮಾಡಿಕೊಳ್ಳಬೇಕಲ್ಲ. ಕೈಯಲ್ಲಿ ಕೆಂಪು ಪೆನ್ನಿತ್ತು. ಅವಳ ಪುಸ್ತಕದಲ್ಲಿ ನೀವು ಬಂದ ಕಡೆಯೆಲ್ಲ ಗೀಟು ಎಳೆದು ಅಂಚಿನಲ್ಲಿ ಡಿಲೀಟ್ ಮಾರ್ಕ್ ಹಾಕಿದೆ. ಮೊದಲು ಕಾಪಿಗೋಸ್ಕರ ಎಳೆದೆ. ಆಮೇಲೆ ಎಳೆಯೋಕೆ ಹಿತವಾಗಿತ್ತು ಅಂತ ಎಳೆದೆ. ನಿಮ್ಮ ಹಲ್ಲುನೋವು, ನಿಮ್ಮ ನಗು, ನಿಮ್ಮ ಒಂಬತ್ತು ನೀರುಕೋಳಿ ಮರಿ. ಇಪ್ಪತ್ತು ಪುಸ್ತಕದಲ್ಲೂ ನಿಮ್ಮನ್ನು ಹೊಡೆದುಹಾಕಿದ್ದೇನೆ.

ಈಗ ಅದನ್ನು ಕೊಟ್ಟರೆ ತಿದ್ದಿದ ದಾಖಲೆ ಅಂತ ಎತ್ತಿ ಎಸೆಯುತ್ತಾರೆ. ಅವಳ ಜೊತೆ ಅಳೆದವರು ನೀವೊಬ್ಬರೇ. ನೀವು ಬಂದು ಹೇಳಿದರೆ ಮಾತ್ರ ಉಳಿಯುತ್ತೆ. ಬನ್ನಿ ಅಂತ ಕೇಳೋ ಮುಖ ನನಗಿಲ್ಲ. ಕೇಳುತ್ತಿದ್ದೇನೆ.


ಏಪ್ರಿಲ್ 1

ಚಾಪೆಯಕ್ಕ,

ಉತ್ತರ ಬಂದಿಲ್ಲ. ಅಂಚೆಯವನನ್ನು ಹನ್ನೆರಡು ದಿನದಿಂದ ಬೀದಿ ಕೊನೆಯಲ್ಲೇ ಹಿಡಿಯುತ್ತಿದ್ದೇನೆ. ಈಗ ನನ್ನ ಕಂಡರೆ ಸೈಕಲ್ ತಿರುಗಿಸುತ್ತಾನೆ.

ಬಾಕಿ ಇದ್ದ ಎರಡನ್ನೂ ಹೇಳಿಬಿಡುತ್ತೇನೆ.

ಒಂದು. ಆ ಕಾರ್ಡು. ಅವಳು ಹೋದ ದಿನವೇ ದರ್ಜಿ, "ಚಾಪೆಯಕ್ಕನಿಗೆ ತಿಳಿಸೋಣವಾ?" ಅಂದ. "ತಿಳಿಸಿದ್ದೇನೆ" ಅಂದೆ. ಸುಳ್ಳು. ನೀವು ಬಂದರೆ ಎಲ್ಲರೂ ನಿಮ್ಮನ್ನೇ ಸಮಾಧಾನ ಮಾಡುತ್ತಾರೆ, ನಾನು ಪಕ್ಕದಲ್ಲಿ ನಿಂತಿರಬೇಕಾಗುತ್ತೆ ಅನ್ನಿಸಿತು. ಒಂದು ದಿನವಾದರೂ ಅವಳು ಪೂರ್ತಿ ನನ್ನವಳಾಗಿರಲಿ ಅಂತ ಇತ್ತು. ಅದಕ್ಕೇ ಹನ್ನೊಂದು ದಿನ ತಡ ಮಾಡಿದೆ.

ಎರಡು. ಐದನೇ ಕಡೆ. ನೀವು ಊರು ಬಿಟ್ಟ ಮೇಲಿನದು, ಕೊನೇ ಪುಸ್ತಕದ್ದು. ಅದಕ್ಕೆ ಕೆಂಪು ಪೆನ್ನು ಮುಟ್ಟಿಸಿಲ್ಲ. 'ಇವತ್ತೂ ಒಬ್ಬಳೇ. ಹಗ್ಗ ಇಳಿಸೋದೂ ನಾನೇ, ಓದೋದೂ ನಾನೇ. ಇವರನ್ನು ಕರೆಯೋಣ ಅಂತ ಬಾಗಿಲಲ್ಲಿ ನಿಂತೆ. ಪೇಪರ್ ಓದುತ್ತಿದ್ದರು.'

ನಾನು ಯಾವ ಪೇಪರ್ ಓದುತ್ತಿದ್ದೆ ಅಂತ ನೆನಪು ಮಾಡಿಕೊಳ್ಳೋಕೆ ನೋಡಿದೆ. ಆಗಲಿಲ್ಲ.


ಏಪ್ರಿಲ್ 5

ಹತ್ತನೇ ತಾರೀಕು ಬೆಳಗಿನ ಬಸ್ಸಿಗೆ ಬರ್ತೀನಿ. ಸ್ಟ್ಯಾಂಡಿಗೆ ಬರಬೇಡಿ. ಪುಸ್ತಕ ತನ್ನಿ, ಇಪ್ಪತ್ತೂ.

ಚಾಪೆ


ಏಪ್ರಿಲ್ 27

ಚಾಪೆಯಕ್ಕ,

ಹಿಯರಿಂಗಿನ ದಿನ ನೀವು ನನ್ನ ಜೊತೆ ಒಂದು ಮಾತೂ ಆಡದೆ ಹೋದಿರಿ. ಬಯ್ದಿದ್ದರೆ ವಾಸಿಯಿತ್ತು. ಅದಕ್ಕೆ ನಾನೇ ಮಾತಾಡುತ್ತೇನೆ. ನಿಮಗೆ ಹೇಗೂ ಕಿವಿ ಕೇಳಿಸೋಲ್ಲ.

ಆವತ್ತು ನನಗೆ ಆದ ಹೊಟ್ಟೆಕಿಚ್ಚು ಈ ಜನ್ಮದಲ್ಲಿ ಆಗಿರಲಿಲ್ಲ. ಆಫೀಸರು ಒಂದು ಪುಸ್ತಕ ತೆಗೆದು, ನಿಮಗೆ ಕಾಣದ ಹಾಗೆ ಹಿಡಿದು, ನಿಮ್ಮ ಕಿವಿಯ ಹತ್ತಿರ ಬಂದು ಕೂಗಿದರು: "ಗೋದಾಮು ಬಂದ ವರ್ಷ, ಆರನೇ ಬಾವಿ!" ನೀವು ಕಣ್ಣು ಮುಚ್ಚಿದಿರಿ. "ಒಂಬತ್ತು ಮೊಳ. ಹಳದಿ ನೀರು. ಹಿಂದಿನ ವರ್ಷ ಆರೇ ಮೊಳ ಇತ್ತು. ಅವತ್ತು ದಾದಿಯ ಎಡಗಾಲಿನ ಚಪ್ಪಲಿ ಬಾವಿಗೆ ಬಿತ್ತು, ಒಂದೇ ಚಪ್ಪಲೀಲಿ ಮನೆಗೆ ಹೋದ್ಲು" ಅಂದಿರಿ. ಕೋಣೆಯಲ್ಲಿ ಎಲ್ಲರೂ ನಕ್ಕರು. ಆಫೀಸರು ನಗಲಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ನನ್ನ ಕೆಂಪು ಗೀಟಿನ ಅಡಿಯಲ್ಲಿದ್ದ ಸಾಲನ್ನು ಒಂದೊಂದೇ ಪದವಾಗಿ ಓದಿದರು. ಚಪ್ಪಲಿ ಅಲ್ಲಿತ್ತು. ಎಡಗಾಲಿನದೇ.

ಇನ್ನೂ ಮೂರು ಕಡೆ ಕೇಳಿದರು. ಮೂರು ಕಡೆಯೂ ಸರಿಹೋಯಿತು. ಅಂಕಿ ಯಾರು ಬೇಕಾದರೂ ಬರೀಬಹುದು, ಚಪ್ಪಲಿ ಬರಿಯೋಕಾಗಲ್ಲ ಅಂತ ಅವರು ಎಂಜಿನಿಯರಿಗೆ ಹೇಳಿದ್ದು ನಿಮಗೆ ಕೇಳಿಸಿತೋ ಇಲ್ಲವೋ. ನಾನು ಬೇಡ ಅಂತ ಹೊಡೆದುಹಾಕಿದ್ದೇ ಬಾವಿಗಳನ್ನು ಉಳಿಸಿತು. ಮೂವತ್ತೈದು ವರ್ಷದ ಸರ್ವೀಸಿನಲ್ಲಿ ಇಂಥ ಪ್ರೂಫ್ ನೋಡಿಲ್ಲ.

"ಈ ಕೆಂಪು ಗೀಟು ಯಾರದು?" ಅಂತ ಕೇಳಿದಾಗ ಎದ್ದು ನಿಂತೆ. "ನನ್ನದು. ಹೊಟ್ಟೆಕಿಚ್ಚಿಗೆ ಎಳೆದೆ" ಅಂದೆ. ಗುಮಾಸ್ತ ಅದನ್ನೂ ಬರೆದುಕೊಂಡ. ನೀವು ಗೋಡೆ ನೋಡುತ್ತಿದ್ದಿರಿ.

ಅಪ್ಪಣೆಯ ನಕಲು ಬಂದಿದೆ. ಒಂದು ವರ್ಷ ಮಣ್ಣು ಹಾಕೋ ಹಾಗಿಲ್ಲ. ವಾರಕ್ಕೊಂದು ಸಲ ಎರಡೂ ಕಡೆಯವರು ಸೇರಿ ಬಾವಿ ಅಳೆಯಬೇಕು, ಆಮೇಲೆ ತೀರ್ಮಾನ. ಗೆದ್ದೆವು ಅಂತ ಅಲ್ಲ. ಸೋತಿಲ್ಲ, ಅಷ್ಟೇ. ಈಗ ಭಾನುವಾರ ಆರಕ್ಕೆ ನಾನೇ ಹೋಗುತ್ತೇನೆ. ಹಗ್ಗ ನನ್ನದು, ಓದೋದು ದರ್ಜಿಯ ಹೆಂಡತಿ, ಪಕ್ಕದಲ್ಲಿ ಡಿಪೋ ಕಡೆಯ ಗುಮಾಸ್ತನೊಬ್ಬ ಆಕಳಿಸುತ್ತಾ ನಿಂತಿರುತ್ತಾನೆ. ಪ್ರತಿ ಬಾವಿಯ ಹತ್ತಿರವೂ ಯಾರಾದರೊಬ್ಬರು ಬಂದು, "ದಾದಿ ಇಲ್ಲೇ ಕೂರೋರು", "ನನ್ನ ಮಗಳ ಜ್ವರ ಬಿಡೋವರೆಗೂ ದಾದಿ ಎದ್ದುಹೋಗಲಿಲ್ಲ", "ದಾದಿ ಈ ಕಲ್ಲಿನ ಮೇಲೆ ಹಾಡೋರು" ಅಂತಾರೆ. ಹಾಡೋರಂತೆ! ನಮ್ಮ ಮನೆಯಲ್ಲಿ ಒಂದು ದಿನ ಹಾಡಿಲ್ಲ. ನೀವೊಬ್ಬರೇ ಸವತಿ ಅಂದುಕೊಂಡಿದ್ದೆ. ಇಪ್ಪತ್ತಮೂರು ಮನೆ ಸವತಿಯರು ಚಾಪೆಯಕ್ಕ, ಲೆಕ್ಕ ಇಡೋಕೆ ಬೇರೆ ಪುಸ್ತಕ ಬೇಕು.

ಇನ್ನೊಂದು ಹೇಳಬೇಕು. ಆವತ್ತು ನಿಮ್ಮ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಮನೆಗೆ ಬಂದು ಒಂದು ಲೋಟ ಚಹಾ ಕುಡೀತೀರಿ ಅಂತ ಒಲೆ ಮೇಲೆ ನೀರಿಟ್ಟು ಬಾಗಿಲಲ್ಲಿ ನಿಂತಿದ್ದೆ. ನೀವು ಬೀದಿ ದಾಟಿ, ಗೋಡೆ ಹಿಡಿದು ಹಿಡಿದು, ಆ ಮಂಡಿ ಇಟ್ಟುಕೊಂಡು ಜೌಗಿನ ಕಡೆ ನಡೆದಿರಿ. ನಾನು ಹಿಂದೆಯೇ ಬಂದೆ. ಜೊಂಡಿನ ಮರೆಯಲ್ಲಿ ನಿಂತೆ, ಕಳ್ಳನ ಹಾಗೆ. ನೀವು ದಡದಲ್ಲಿ ಕೂತು ಅವಳ ಜೊತೆ ಮಾತಾಡುತ್ತಿದ್ದಿರಿ. ಜೋರಾಗಿ, ಕಿವಿ ಮಂದ ಆದವರು ಮಾತಾಡೋ ಹಾಗೆ. ಆದರೂ ಗಾಳಿ ಆ ಕಡೆಗಿತ್ತು, ಒಂದಕ್ಷರ ತಿಳಿಯಲಿಲ್ಲ. ನಡುವೆ ಎರಡು ಸಲ ನಕ್ಕಿರಿ. ಅವಳು ಹೋಗಿ ಹತ್ತು ತಿಂಗಳಾಗಿತ್ತು, ನಾನು ಒಂದು ಸಲವೂ ಅವಳ ಜೊತೆ ಮಾತಾಡಿರಲಿಲ್ಲ. ಹೇಗೆ ಶುರು ಮಾಡೋದು ಅಂತ ಗೊತ್ತಿರಲಿಲ್ಲ. ಏನು ಹೇಳಿದಿರಿ ಅವಳಿಗೆ? ಬೇಡ, ಹೇಳಬೇಡಿ. ಇಲ್ಲ, ಹೇಳಿ. ಬೇಡ.

ಇವತ್ತು ಭಾನುವಾರ. ಅಳತೆ ಮುಗಿದು, ದರ್ಜಿಯ ಹೆಂಡತಿ ಮನೆಗೆ ಹೋದಮೇಲೂ ನನಗೆ ಏಳೋ ಮನಸ್ಸಾಗಲಿಲ್ಲ. ಮಧ್ಯಾಹ್ನ ಮನೆಗೆ ಹೋದವನು ಪ್ಯಾಡು ತಗೊಂಡು ವಾಪಸ್ ಬಂದೆ. ನೀವು ಕೂತಿದ್ದ ಕಡೆಯೇ ಕೂತು ಇದನ್ನು ಬರೆಯುತ್ತಿದ್ದೇನೆ. ಚಪ್ಪಲಿಗೆ ಕೆಸರಾಗಿದೆ. ಸ್ವಲ್ಪ ಹೊತ್ತಿಗೆ ಮುಂಚೆ ಯಾರೂ ಇಲ್ಲ ಅಂತ ನೋಡಿಕೊಂಡು ಗಂಟಲು ಸರಿಮಾಡಿಕೊಂಡೆ. "ನೋಡೇ" ಅಂದೆ. ಮುಂದೆ ಏನು ಅಂತ ತೋಚಲಿಲ್ಲ. ನಿಮ್ಮ ಹಾಗೆ ನಗಿಸೋಕೆ ಬರೋಲ್ಲ ನನಗೆ. ಅದಕ್ಕೇ ಬಾವಿಗಳ ಅಳತೆ ಓದಿ ಹೇಳಿದೆ. ಒಂದನೇದು ಐದು ಮೊಳ. ಎರಡನೇದು ಐದೂವರೆ. ಮೂರನೇದು ಐದು, ನೀರು ತಿಳಿಯಾಗಿದೆ. ನಾಲ್ಕನೇದು ಎಂಟು, ಅದು ನಿನಗೇ ಗೊತ್ತು. ಹೀಗೇ ಹೇಳುತ್ತಾ ಹೋದೆ. ಹನ್ನೊಂದನೇದಕ್ಕೆ ಬಂದಾಗ, ಇದು ನಮ್ಮದೇ, ಆರು ಮೊಳ, ಸಿಹಿಯಾಗಿದೆ ಅಂದೆ. ಒಂದು ನೀರುಕೋಳಿ ಜೊಂಡಿನಿಂದ ಆಚೆ ಬಂದು ನನ್ನನ್ನು ನೋಡಿ ಒಳಗೆ ಹೋಯಿತು. ಮರಿ ಇತ್ತೋ ಇಲ್ಲವೋ ಕಾಣಲಿಲ್ಲ.

ಹದಿನಾರರವರೆಗೆ ಹೇಳಿದ್ದೇನೆ. ಇನ್ನೂ ಏಳು ಇದೆ, ಅದಕ್ಕೆ ಮುಂಚೆ ನಿಮಗೆ ಬರೆದು ಮುಗಿಸೋಣ ಅಂತ ಪೆನ್ನು ತಗೊಂಡೆ. ಈಗ ನೋಡಿದರೆ ಗೀಟು ಕಾಣುತ್ತಿಲ್ಲ, ಸಾಲು ಸೊಟ್ಟ ಹೋಗುತ್ತಿದೆ. ಬೆಳಕು ಹೋಗುತ್ತಿದೆ ಚಾಪೆಯಕ್ಕ. ಇದನ್ನು ಇಲ್ಲಿಗೇ ಬಿಡುತ್ತೇನೆ, ಅವಳಿಗೆ ಹದಿನೇಳನೇದು ಹೇಳಬೇಕು